ಮೊದಲ ವಿಮಾನ ಇಳಿಯುವ ಮುನ್ನ

ಭಟ್ಕಳ, ಹೊನ್ನಾವರ, ಕುಮಟಾದ ತಮ್ಮಂದಿರೇ, ತಂಗಿಯರೇ,

ವಿಮಾನ ಹತ್ತಬೇಕೆಂದರೆ ನಾವು ಇಂದಿಗೂ ಮಂಗಳೂರಿಗೋ ಗೋವಾಕ್ಕೋ ಹುಬ್ಬಳ್ಳಿಗೋ ಹೋಗಬೇಕು. ಗಲ್ಫಿನಲ್ಲಿ ದುಡಿಯುವವರಿರುವ ಭಟ್ಕಳದ ಮನೆಗಳಿಗೆ ಆ ರಾತ್ರಿ ಪ್ರಯಾಣ ಚೆನ್ನಾಗಿ ಗೊತ್ತು. ಈಗ ಅಂಕೋಲೆಯ ಅಲಗೇರಿಯಲ್ಲಿ, ನೌಕಾಪಡೆಯ ಸೀಬರ್ಡ್ ಯೋಜನೆಯ ವಾಯುನೆಲೆಗೆ ಹೊಂದಿಕೊಂಡಂತೆ ನಾಗರಿಕ ವಿಮಾನ ನಿಲ್ದಾಣ ಕಟ್ಟುವ ಯೋಜನೆಯಿದೆ. ಜಮೀನು ಬಿಟ್ಟುಕೊಡುವವರ ಪ್ರಶ್ನೆ ಬಹಳ ದೊಡ್ಡದು, ಅದಕ್ಕೆ ಬೇರೆಯೇ ಲೇಖನ ಬೇಕು. ನಾನಿಲ್ಲಿ ಕೇಳುತ್ತಿರುವುದು ಒಂದನ್ನೇ: ನಿಲ್ದಾಣ ಬರುವ ಮೊದಲು ಕರಾವಳಿಯ ಗಾಳಿ ಹೇಗಿತ್ತು ಎಂಬ ಲೆಕ್ಕ ನಿಮ್ಮ ಕೈಯಲ್ಲಿರಲಿ. ವಿಮಾನ ಇಳಿಯತೊಡಗಿದ ಮೇಲೆ ಆ ಲೆಕ್ಕ ಬರೆಯಲು ಯಾರಿಂದಲೂ ಆಗದು.

ವಿಮಾನದ ಹೊಗೆ ಎಂದರೆ ಆಕಾಶದ ಬಿಳಿ ಗೆರೆ ಎಂದುಕೊಳ್ಳುತ್ತೇವೆ. ನಿಲ್ದಾಣದ ಸುತ್ತಲಿನವರಿಗೆ ತಾಗುವುದು 3,000 ಅಡಿಯ ಕೆಳಗಿನ ಹೊಗೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅದನ್ನು ಲೆಕ್ಕ ಹಾಕುವಾಗ ನೆಲದ ಮೇಲಿನ ಓಡಾಟಕ್ಕೇ 26 ನಿಮಿಷ ಹಿಡಿಯುತ್ತದೆ. ಮೇಲಕ್ಕೇಳುವ ಆರ್ಭಟಕ್ಕೆ ಒಂದು ನಿಮಿಷವೂ ಇಲ್ಲ. ನೆಲದಲ್ಲಿ ನಿಧಾನ ಸಾಗುವಾಗ ಎಂಜಿನ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್, ಸುಡದ ಇಂಧನದ ಆವಿ ಉಗುಳುತ್ತದೆ. ಪೂರ್ತಿ ಬಲದಲ್ಲಿ ಏರುವಾಗ ನೈಟ್ರೋಜನ್ ಆಕ್ಸೈಡ್‌ಗಳು ಹೆಚ್ಚು. ಇದನ್ನೆಲ್ಲ ಮೊದಲು ಉಸಿರಾಡುವವರು ಸಾಮಾನು ಹೇರುವ, ವಿಮಾನಕ್ಕೆ ದಾರಿ ತೋರುವ ಕೆಲಸಗಾರರು. ನಾಳೆ ಆ ಕೆಲಸಕ್ಕೆ ನಿಮ್ಮಲ್ಲೇ ಎಷ್ಟೋ ಮಂದಿ ಅರ್ಜಿ ಹಾಕುತ್ತೀರಿ.

ಆ ಹೊಗೆಯ ಅತಿಸೂಕ್ಷ್ಮ ಕಣಗಳ ವಿಷಯ ಇನ್ನೂ ಗಂಭೀರ. 0.1 ಮೈಕ್ರೋಮೀಟರಿಗಿಂತ ಚಿಕ್ಕ ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಲಾಸ್ ಏಂಜಲೀಸ್ ನಿಲ್ದಾಣದಿಂದ ಗಾಳಿ ಬೀಸುವ ದಿಕ್ಕಿನಲ್ಲಿ 16 ಕಿಲೋಮೀಟರ್ ದೂರದಲ್ಲೂ ಇವುಗಳ ಸಂಖ್ಯೆ ದುಪ್ಪಟ್ಟಾಗಿದ್ದುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ದೇಶದ 2009ರ ಮಾನದಂಡ ಪಿಎಂ 2.5 ಕಣಗಳಿಗೆ (2.5 ಮೈಕ್ರೋಮೀಟರಿನಷ್ಟು ಅಥವಾ ಅದಕ್ಕಿಂತ ಚಿಕ್ಕವು) ದಿನದ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಮ್ ಮಿತಿ ಹಾಕಿದೆ. ಅತಿಸೂಕ್ಷ್ಮ ಕಣಗಳಿಗೆ ಮಿತಿಯೇ ಇಲ್ಲ. ತೂಕವೇ ಇಲ್ಲದಷ್ಟು ಹಗುರವಾದ ಅವು ತೂಕದ ಲೆಕ್ಕಕ್ಕೆ ಸಿಗುವುದೂ ಇಲ್ಲ.

ಅಂಕೋಲೆಯ ಮಾತು ನಮಗೇಕೆ ಎನ್ನಬೇಡಿ. ನಿಮ್ಮ ಮೂರು ತಾಲ್ಲೂಕುಗಳ ಬೆಲೆ ಇರುವುದೇ ನಿಲ್ದಾಣದಿಂದ ಅವುಗಳಿಗಿರುವ ದೂರದಲ್ಲಿ. ಅದೇ 66ನೇ ಹೆದ್ದಾರಿಯ ಲಾರಿಗಳು, ಅದೇ ಡೀಸೆಲ್ ದೋಣಿಗಳು, ಅದೇ ಕಡಲಗಾಳಿ. ವಿಮಾನ ಮಾತ್ರ ಇಲ್ಲ. ನಾಳೆ ಅಲಗೇರಿಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಏರಿದಾಗ 'ಅದು ಹೆದ್ದಾರಿಯ ಹೊಗೆ' ಎಂದು ಯಾರಾದರೂ ಹೇಳಿದರೆ, ಭಟ್ಕಳದಲ್ಲೂ ಹೊನ್ನಾವರದಲ್ಲೂ ಏಕೆ ಏರಲಿಲ್ಲ ಎಂದು ನಿಮ್ಮ ಪಟ್ಟಿ ತೋರಿಸಿ ಕೇಳಬಹುದು. ಏರಿದ್ದರೆ ಹೆದ್ದಾರಿಯೇ ಕಾರಣವೆಂದು ಒಪ್ಪುವ ಪ್ರಾಮಾಣಿಕತೆಯೂ ನಿಮಗಿರಬೇಕು.

ಉಪಕರಣಕ್ಕೆ ಹೆದರಬೇಕಿಲ್ಲ. ನೈಟ್ರೋಜನ್ ಡೈಆಕ್ಸೈಡ್ ಅಳೆಯಲು ಬೆರಳುದ್ದದ ಕೊಳವೆ ಸಾಕು, ಕರೆಂಟೂ ಬೇಡ. ಕಂಬಕ್ಕೆ ಕಟ್ಟಿ, ಕೆಲವು ವಾರ ಬಿಟ್ಟು, ಪ್ರಯೋಗಾಲಯಕ್ಕೆ ಕಳಿಸಬೇಕು. ಪಿಎಂ 2.5ರ ಅಗ್ಗದ ಸೆನ್ಸರ್‌ಗಳಿವೆ. ಆದರೆ ನಮ್ಮ ಕಡಲತೀರದ ತೇವದಲ್ಲಿ ಅವು ನೀರಹನಿಯನ್ನೇ ಧೂಳೆಂದು ಹೆಚ್ಚಿಗೆ ತೋರಿಸುತ್ತವೆ. ತೇವಾಂಶವನ್ನೂ ಬರೆದಿಟ್ಟು, ನಂಬಿಕಸ್ತ ಯಂತ್ರವೊಂದರ ಪಕ್ಕದಲ್ಲಿಟ್ಟು ತಾಳೆ ನೋಡಲೇಬೇಕು. ಅತಿಸೂಕ್ಷ್ಮ ಕಣ ಎಣಿಸುವ ಯಂತ್ರ ದುಬಾರಿ. ಅದನ್ನು ವಿಶ್ವವಿದ್ಯಾಲಯಗಳಿಂದ ಸಂಕೋಚವಿಲ್ಲದೆ ಎರವಲು ಕೇಳಿ.

ಲೆಕ್ಕದ ಬಲ ನಮ್ಮ ನೆಲಕ್ಕೆ ಹೊಸದಲ್ಲ. ಅಘನಾಶಿನಿ ಅಳಿವೆಯ ದಡದ ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣವಿದ್ಯುತ್ ಸ್ಥಾವರದ ಯೋಜನೆ ಬಂದಾಗ ಜನ ಎದ್ದು ನಿಂತರು. ಮೀನು, ಬಳಚು, ಕಾಂಡ್ಲಾ ಕಾಡು ಎಂದು ಆ ಅಳಿವೆಯ ಸಂಪತ್ತನ್ನು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದರು. ಆ ಸ್ಥಾವರ ಬರಲಿಲ್ಲ. 2024ರಲ್ಲಿ ಅದೇ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು.

ಈ ಸಲ ಅಳತೆಯಿಂದ ಪಡೆಯಬೇಕಾದದ್ದು ಒಳ್ಳೆಯ ನಿಲ್ದಾಣ. ನಿಂತ ವಿಮಾನಕ್ಕೆ ನೆಲದಿಂದಲೇ ವಿದ್ಯುತ್ ಕೊಟ್ಟರೆ ಅದರ ಬಾಲದಲ್ಲಿರುವ ಸಣ್ಣ ಎಂಜಿನ್ ಉರಿಸಬೇಕಿಲ್ಲ. ರನ್‌ವೇವರೆಗೆ ವಿಮಾನವನ್ನು ಎಳೆದೊಯ್ಯುವ ಟ್ಯಾಕ್ಸಿಬಾಟನ್ನು ಏರ್ ಇಂಡಿಯಾ 2019ರಲ್ಲೇ ದೆಹಲಿಯಲ್ಲಿ ಪ್ರಯಾಣಿಕರಿದ್ದ ವಿಮಾನಕ್ಕೆ ಬಳಸಿತು. ಇಂಥವನ್ನು ನಕ್ಷೆ ಬರೆಯುವಾಗಲೇ ಕೇಳಿ ಪಡೆಯುವುದು ಸುಲಭ. ಪರಿಸರ ವರದಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ ಅಳತೆ ಸಾಕಾಗುತ್ತದೆ. ನೀವು ಇಡೀ ವರ್ಷದ್ದನ್ನು ಮೇಜಿನ ಮೇಲಿಡಿ.

ಹೊನ್ನಾವರದ ಎಸ್‌ಡಿಎಂ, ಕುಮಟಾದ ಬಾಳಿಗಾ, ಭಟ್ಕಳದ ಅಂಜುಮನ್ ಕಾಲೇಜುಗಳ ವಿಜ್ಞಾನದ ಮಕ್ಕಳೇ, ಇಂದೇ ನಿಮ್ಮ ಮೇಷ್ಟ್ರನ್ನು ಕಂಡು ಮಾತಾಡಿ. ಅಂಕೋಲೆಯ ಗೆಳೆಯರಿಗೆ ಫೋನ್ ಹಚ್ಚಿ. ಯಾವ ಕಂಬಕ್ಕೆ ಯಾರು ಕೊಳವೆ ಕಟ್ಟುತ್ತೀರಿ ಎಂಬುದನ್ನು ಈ ಮಳೆಗಾಲ ಮುಗಿಯುವುದರೊಳಗೆ ಹಂಚಿಕೊಳ್ಳಿ.