ಎಲ್ಲೆ ಕಾದವರ ಭೂಮಿ ಎಲ್ಲಿ?

(ಸುಗಟೂರಿನಲ್ಲಿ ವಿದ್ಯಾರ್ಥಿಗಳು ಮತ್ತು ಹಾಸ್ಟೆಲ್ ಗೆಳೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಗೆಳೆಯರೇ, ಅಕ್ಕತಂಗಿಯರೇ, ಹಟ್ಟಿಯಿಂದ ಬಂದು ಹಿಂದೆ ನಿಂತಿರುವ ಹಿರಿಯರೇ, ದಯವಿಟ್ಟು ಮುಂದಕ್ಕೆ ಬನ್ನಿ. ಹಿಂದೆ ನಿಲ್ಲುವ ಅಭ್ಯಾಸ ಸಾಕು.

ಇವತ್ತು ನಾವು ಮಾತಾಡಬೇಕಾಗಿರೋದು ಕಾವಲಿನ ವಿಷಯ. ಹಾಸ್ಟೆಲಿನಲ್ಲಿ ಓದಿದ ನಮಗೆಲ್ಲ ‘ವಾರ್ಡನ್’ ಅನ್ನೋ ಮಾತು ಚೆನ್ನಾಗಿ ಗೊತ್ತು. ಹಾಜರಿ ಪುಸ್ತಕ, ಉಗ್ರಾಣದ ಬೀಗದ ಕೈ, ಹೊತ್ತಿಗೆ ಸರಿಯಾಗಿ ಮುಚ್ಚುವ ಗೇಟು. ಆ ಇಂಗ್ಲಿಷ್ ಮಾತಿನ ಅರ್ಥ ಕಾಯುವವನು ಅಂತ. ಇಂಗ್ಲೆಂಡು, ಸ್ಕಾಟ್ಲೆಂಡು ಬೇರೆ ಬೇರೆ ರಾಜ್ಯಗಳಾಗಿದ್ದ ಕಾಲದಲ್ಲಿ ನಡುವಿನ ಗಡಿಸೀಮೆ ಕಾಯೋಕೆ ಎರಡು ಕಡೆಯ ದೊರೆಗಳೂ ವಾರ್ಡನ್‌ಗಳನ್ನು ನೇಮಿಸುತ್ತಿದ್ದರು. ದನ ಹೊಡೆದುಕೊಂಡು ಹೋಗುವವರನ್ನು ಹಿಡಿಯೋದು, ಎರಡು ಕಡೆಯವರನ್ನು ಕೂಡಿಸಿ ವ್ಯಾಜ್ಯ ತೀರಿಸೋದು, ದಂಡು ಬಂದರೆ ತಡೆಯೋದು ಅವರ ಕೆಲಸ. 1603ರಲ್ಲಿ ಎರಡು ರಾಜ್ಯಕ್ಕೂ ಒಬ್ಬನೇ ದೊರೆಯಾದ ಮೇಲೆ ಆ ಹುದ್ದೆಗೆ ಕೆಲಸವಿಲ್ಲದೆ ಹೋಯಿತು. ಆ ವಾರ್ಡನ್‌ಗಳು ಬಹುಪಾಲು ದೊಡ್ಡ ಮನೆತನದವರು. ಗಡಿ ಕಾದದ್ದಕ್ಕೆ ಅವರಿಗೆ ಮಾನವೂ ಸಿಕ್ಕಿತು, ಚರಿತ್ರೆಯಲ್ಲಿ ಹೆಸರೂ ಸಿಕ್ಕಿತು.

ನಮ್ಮ ನಾಡಿನಲ್ಲೂ ಗಡಿ ಕಾಯುವವರಿದ್ದರು. ಎರಡು ತರದವರು. ಮೇಲಿನ ಕಾವಲು ಒಂದು, ಕೆಳಗಿನ ಕಾವಲು ಒಂದು. ಮೇಲಿನ ಕಾವಲಿನ ಕಥೆ ಪುಸ್ತಕದಲ್ಲಿದೆ. ಕೆಳಗಿನ ಕಾವಲಿನ ಕಥೆಯನ್ನು ನಾವೇ ಹೇಳಿಕೊಳ್ಳಬೇಕು.

ಮೇಲಿನ ಕಾವಲಿಗೆ ಬಹಳ ದೂರ ಹೋಗಬೇಕಾಗಿಲ್ಲ. ನಾವು ಕೂತಿರೋ ಈ ಸುಗಟೂರೇ ವಿಜಯನಗರದ ಕಾಲದಲ್ಲಿ ಒಂದು ಪಾಳೆಯಗಾರರ ಮನೆತನಕ್ಕೆ ಹೆಸರು ಕೊಟ್ಟ ಊರು. ಸುಗಟೂರು ತಮ್ಮೇಗೌಡ ಅಂದರೆ ಕೋಲಾರ ಸೀಮೆಗೆಲ್ಲ ಗೊತ್ತಿದ್ದ ಹೆಸರು. ಚಿಕ್ಕರಾಯ ಅನ್ನೋ ಬಿರುದು ಈ ಮನೆತನದ್ದು. ಸುಮಾರು 1595ರಲ್ಲಿ ಹೊಸಕೋಟೆಯನ್ನು ಕಟ್ಟಿಸಿದವರೂ ಇವರೇ. ಕೋಲಾರದ್ದು ಹಳೇ ಕೋಟೆ, ಅದು ಹೊಸ ಕೋಟೆ, ಅದಕ್ಕೇ ಆ ಹೆಸರು. ಸೀಮೆಯ ಕಂದಾಯ ಎತ್ತಿ ಅರಸನ ಪಾಲು ಕಳಿಸೋದು, ಕರೆದಾಗ ದಂಡಿಗೆ ಆಳು ಒದಗಿಸೋದು, ಕಳ್ಳಕಾಕರನ್ನು ಅಡಗಿಸೋದು, ಇದು ಪಾಳೆಯಗಾರನ ಕೆಲಸ.

1639ರ ಹೊತ್ತಿಗೆ ಬಿಜಾಪುರದ ದಂಡು ಬಂತು. ಕೋಲಾರ, ಹೊಸಕೋಟೆ ಎರಡೂ ಶಿವಾಜಿಯ ತಂದೆ ಶಹಾಜಿಯ ಜಹಗೀರಿಗೆ ಸೇರಿದವು. ಆಮೇಲೆ ಮೊಗಲರು. ಶಿರಾದ ಸುಬೇದಾರರ ಕೈಕೆಳಗೆ ಹೈದರಾಲಿಯ ತಂದೆ ಫತೇ ಮಹಮದ್ ಕೋಲಾರದ ಫೌಜುದಾರನಾದ. ಆಮೇಲೆ ಹೈದರ್, ಟಿಪ್ಪು, ನಡುನಡುವೆ ಮರಾಠರು, ಇಂಗ್ಲಿಷರು. 1799ರ ಮೇಲೆ ಮತ್ತೆ ಮೈಸೂರು ಒಡೆಯರು. ಇನ್ನೂರು ವರ್ಷದಲ್ಲಿ ಕೋಟೆಯ ಮೇಲಿನ ಬಾವುಟ ಎಷ್ಟು ಸಲ ಬದಲಾಯಿತು, ಲೆಕ್ಕ ಹಾಕಿ.

ಇಷ್ಟೆಲ್ಲ ಬದಲಾಗುವಾಗ ಊರಿನ ಎಲ್ಲೆ ಯಾರು ಕಾಯ್ತಾ ಇದ್ದರು? ರಾತ್ರಿ ಹೊತ್ತು ಪೈರು ಯಾರು ಕಾಯ್ತಾ ಇದ್ದರು? ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚಿದವರು ಯಾರು? ತಳಾರಿ, ತೋಟಿ, ನೀರಗಂಟಿ. ಕೋಟೆ ಯಾರದಾದರೂ ಆಗಲಿ, ತೋಟಿಯ ಕೆಲಸ ತೋಟಿಯದೇ ಆಗಿತ್ತು. ಅಪ್ಪ ಸತ್ತರೆ ಮಗ.

ಇದು ನಾವು ಅಭಿಮಾನಕ್ಕೆ ಕಟ್ಟಿದ ಮಾತಲ್ಲ. 1812ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಮುಂದೆ ಬಂದ ಐದನೇ ವರದಿ ಅಂತ ಒಂದಿದೆ. ದಕ್ಷಿಣದ ಹಳ್ಳಿ ಹೇಗೆ ನಡೀತದೆ ಅಂತ ಅದರಲ್ಲಿ ಬರೆದಿದ್ದಾರೆ. ಗೌಡ, ಶಾನುಭೋಗರ ಸಾಲಿನಲ್ಲೇ ತಳಾರಿಯೂ ತೋಟಿಯೂ ಬರುತ್ತಾರೆ. ಅಪರಾಧ ಮಾಡಿದವರ ಸುದ್ದಿ ಹಿಡಿಯೋದು, ಊರಿಂದೂರಿಗೆ ಹೋಗುವವರನ್ನು ಕ್ಷೇಮವಾಗಿ ಮುಟ್ಟಿಸೋದು ತಳಾರಿಯ ಪಾಲು. ಬೆಳೆ ಕಾಯೋದು, ಕಣದಲ್ಲಿ ಅಳೆಯುವಾಗ ನೆರವಾಗೋದು ತೋಟಿಯ ಪಾಲು. ಊರಿನ ಎಲ್ಲೆ ಕಾಪಾಡೋಕೆ, ತಕರಾರು ಬಂದಾಗ ಸಾಕ್ಷಿ ಹೇಳೋಕೆ ಬೇರೆ ಒಬ್ಬನೇ ಇದ್ದ ಅಂತಲೂ ಬರೆದಿದ್ದಾರೆ. ತಳಾರಿಕೆ ಹಲವು ಕಡೆ ಬೇಡರ ಕೈಲಿತ್ತು. ತೋಟಿತನ ಮಾತ್ರ ನಮ್ಮ ಹೊಲೆಯ ಮಾದಿಗರ ಹಟ್ಟಿಯದು. ಕೆರೆಗಳ ಈ ಜಿಲ್ಲೆಯಲ್ಲಿ ನೀರಗಂಟಿಗಳೂ ಹೆಚ್ಚಾಗಿ ನಮ್ಮವರೇ.

ಎಲ್ಲೆಯ ತಕರಾರು ಹೇಗೆ ತೀರ್ತಿತ್ತು ಗೊತ್ತೇನು? ಮೆಕೆಂಜಿ ಅನ್ನೋ ಒಬ್ಬ ಇಂಗ್ಲಿಷ್ ಅಧಿಕಾರಿ 1873ರಲ್ಲಿ ಮೈಸೂರು ಸೀಮೆಯ ಪದ್ಧತಿ ಬರೆದಿಟ್ಟಿದ್ದಾನೆ. ಎರಡು ಊರಿಗೆ ಎಲ್ಲೆ ಜಗಳ ಬಂದರೆ ಗೌಡನ ಮಾತಲ್ಲ, ಶಾನುಭೋಗರ ಕಡತವಲ್ಲ, ಹೊಲಗೇರಿಯ ಕುಳವಾಡಿಯನ್ನು ಕರೀತಿದ್ದರು. ಊರ ಮಣ್ಣಿನ ಉಂಡೆ ಮಾಡಿ, ನಡುವೆ ನೀರು ಹಾಕಿ, ಅದನ್ನು ತಲೆ ಮೇಲೆ ಹೊತ್ತು ಅವನು ಎಲ್ಲೆಯುದ್ದಕ್ಕೂ ನಡೀಬೇಕು. ಅವನು ನಡೆದದ್ದೇ ಗಡಿ. ತಪ್ಪಿ ಒಂದು ಹೆಜ್ಜೆ ಆಚೆ ಇಟ್ಟರೂ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದಲ್ಲಿ ಅವನು ಸಾಯ್ತಾನೆ, ಮನೆ ಹಾಳಾಗ್ತದೆ ಅಂತ ಜನರ ನಂಬಿಕೆ.

ಗೆಳೆಯರೇ, ಇದನ್ನು ಸ್ವಲ್ಪ ನಿಂತು ಯೋಚನೆ ಮಾಡಿ. ಊರೊಳಕ್ಕೆ ಕಾಲಿಡಬಾರದು ಅಂದವನ ಕಾಲಿನ ಮೇಲೆ ಊರಿನ ಎಲ್ಲೆ ನಿಂತಿತ್ತು. ಮುಟ್ಟಬಾರದು ಅಂದವನ ತಲೆಯ ಮೇಲೆ ಊರ ಮಣ್ಣು ಇಟ್ಟರು. ತಪ್ಪಿದರೆ ಸಾವು ಅವನದು, ಸರಿಹೋದರೆ ಹೊಲ ಇನ್ನೊಬ್ಬರದು. ಇಷ್ಟು ಕೀಳು ಅಂತ ಕಾಣುವವನಿಗೆ ಇಷ್ಟು ದೊಡ್ಡ ಅಧಿಕಾರ ಹೇಗೆ ಬಂತು ಅಂತ ಆ ಇಂಗ್ಲಿಷಿನವನಿಗೂ ಆಶ್ಚರ್ಯ. ಒಂದು ಕಾಲಕ್ಕೆ ಈ ನೆಲ ಇವರದೇ ಇದ್ದಿರಬೇಕು ಅಂತ ಅವನ ಊಹೆ.

ಬಾಬಾಸಾಹೇಬರು ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಹಿಡಿದರು. ಅಸ್ಪೃಶ್ಯರು ಯಾರು, ಹೇಗೆ ಅಸ್ಪೃಶ್ಯರಾದರು ಅಂತ 1948ರಲ್ಲಿ ಬರೆದ ಪುಸ್ತಕದಲ್ಲಿ ನಮ್ಮ ಕೇರಿ ಊರ ಹೊರಗೆ ಯಾಕಿದೆ ಅಂತ ಕೇಳಿದರು. ಅವರ ವಾದ ಹೀಗಿದೆ. ನೆಲೆ ನಿಂತ ಕುಲಗಳಿಗೆ ದಾಳಿಯ ಭಯ. ಯುದ್ಧದಲ್ಲಿ ಸೋತು ಚೆದುರಿದ ಕುಲಗಳ ಜನಕ್ಕೆ ನೆಲೆ ಇಲ್ಲ. ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಚೆದುರಿದವರು ಊರು ಕಾಯಬೇಕು, ಊರಿನವರು ಅವರಿಗೆ ಅನ್ನ, ಆಸರೆ ಕೊಡಬೇಕು. ಬೇರೆ ಕುಲದವರಾದ್ದರಿಂದ ಒಳಗೆ ಜಾಗವಿಲ್ಲ, ಮೇಲಾಗಿ ದಾಳಿ ಬರೋದು ಗಡಿಯಿಂದ, ಆದ್ದರಿಂದ ಗಡಿಯಲ್ಲೇ ಮನೆ. ಅಂದರೆ ಮೊದಲು ಹೊರಗಿದ್ದದ್ದು ಹೊಲಸಿಗಾಗಿ ಅಲ್ಲ, ಕಾವಲಿಗಾಗಿ. ಮುಟ್ಟುಚಟ್ಟು ಬಂದದ್ದು ಆಮೇಲೆ. ಇದು ಅವರು ಮಂಡಿಸಿದ ವಾದ, ವಿದ್ವಾಂಸರು ಚರ್ಚೆ ಮಾಡಲಿ. ಆದರೆ ನಮ್ಮ ಹಟ್ಟಿಗಳು ಎಲ್ಲಿವೆ ಅಂತ ನೋಡಿದರೆ ಸಾಕು, ಆ ಪ್ರಶ್ನೆಯನ್ನು ತಳ್ಳಿಹಾಕೋಕೆ ಆಗೋದಿಲ್ಲ.

ಆ ಒಪ್ಪಂದ ಮುರಿದವರು ಯಾರು? ದಾಳಿಯ ಕಾಲ ಹೋಯಿತು. ಹೊರಗಿನ ಶತ್ರು ಇಲ್ಲವಾದ. ಕಾವಲು ಮಾತ್ರ ಉಳಿಯಿತು, ಅದರ ಮುಖ ತಿರುಗಿತು. ಊರು ಕಾಯುವವನನ್ನೇ ಊರು ಕಾಯೋಕೆ ಶುರು ಮಾಡಿತು. ಬಾವಿಗೆ ಕಾವಲು, ಗುಡಿಗೆ ಕಾವಲು, ಹೋಟ್ಲು ಬೆಂಚಿಗೆ ಕಾವಲು. ಹಟ್ಟಿಯ ಮೇಲೆ ಬಹಿಷ್ಕಾರ ಹಾಕಿದಾಗ ಅದನ್ನು ತಮಟೆ ಬಡಿದು ಸಾರಬೇಕಾದವನೂ ತೋಟಿಯೇ, ತನ್ನ ಬಹಿಷ್ಕಾರವನ್ನು ತಾನೇ ಸಾರಬೇಕು. ಸಾವಿನ ಸುದ್ದಿ ಹೊತ್ತು ಹತ್ತು ಹರದಾರಿ ಓಡೋದು, ಸತ್ತ ದನ ಎಳೆಯೋದು, ಸರ್ಕಾರಿ ಸಾಹೇಬರು ಬಂದರೆ ಗಂಟು ಹೊರೋದು, ಎಲ್ಲಾ ಬಿಟ್ಟಿ. ಕೂಲಿ ಏನು? ಸುಗ್ಗಿಯಲ್ಲಿ ಕಣದ ಆಯ, ಒಂದಿಷ್ಟು ಇನಾಂ ಭೂಮಿ. ಬೊಂಬಾಯಿ ಪ್ರಾಂತದಲ್ಲಿ ಮಹಾರರ ವತನವೂ ಇದೇ. ಬೆಳಗಾವಿ, ಧಾರವಾಡ, ಬಿಜಾಪುರಗಳೂ ಆ ಪ್ರಾಂತದೊಳಗೇ ಇದ್ದವು. ಒಬ್ಬನಿಗೆ ವತನ ಅಂದರೆ ಮನೆಮಂದಿಗೆಲ್ಲ ಚಾಕರಿ. 1928ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಬಾಬಾಸಾಹೇಬರು ಈ ವತನದ ಕಾಯ್ದೆ ತಿದ್ದಬೇಕು ಅಂತ ಮಸೂದೆ ತಂದದ್ದು ಅದಕ್ಕೇ. ತುಂಡು ಭೂಮಿಯ ಆಸೆ ತೋರಿಸಿ ಕಟ್ಟಿಹಾಕುವ ಹಗ್ಗ ಅದು ಅಂತ ಅವರಿಗೆ ಗೊತ್ತಿತ್ತು.

ಈಗ ಆ ಇನಾಂ ಭೂಮಿಯ ಮಾತಿಗೆ ಬರೋಣ. ಇವತ್ತು ನಾವು ಇಲ್ಲಿ ಸೇರಿರೋದು ಮುಖ್ಯವಾಗಿ ಇದಕ್ಕೇ.

1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂತು. 1963ರ ಫೆಬ್ರವರಿ 1ರಿಂದ ಜಾರಿಯಾಯಿತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ, ತಳಾರಿಕೆ, ತೋಟಿತನ ಎಲ್ಲಾ ಹೋಯಿತು. ಬಿಟ್ಟಿ ಹೋಗಬೇಕಾದದ್ದೇ, ಒಳ್ಳೇದಾಯಿತು. ಹುದ್ದೆಗೆ ಅಂಟಿಕೊಂಡಿದ್ದ ಇನಾಂ ಭೂಮಿ ಸರ್ಕಾರಕ್ಕೆ ಸೇರಿ, ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಆಗಬೇಕು ಅಂತ ಕಾಯ್ದೆ ಹೇಳಿತು. ರೀಗ್ರಾಂಟ್ ಅಂತಾರಲ್ಲ, ಅದೇ. ಕಾಗದ ಓದೋಕೆ ಬಂದವರು ಅರ್ಜಿ ಹಾಕಿದರು, ಹಣ ಕಟ್ಟಿದರು, ಭೂಮಿ ಉಳಿಸಿಕೊಂಡರು. ಹೆಬ್ಬೆಟ್ಟಿನ ತೋಟಿಗೆ ಹೇಳಿದವರು ಯಾರು? ಸಾಲಕ್ಕೆ, ಮದುವೆಗೆ, ಕಾಯಿಲೆಗೆ ಅಂತ ಎಷ್ಟೋ ಭೂಮಿ ಕೈಬಿಟ್ಟಿತು. 1978ರಲ್ಲಿ ಕಾಯ್ದೆ ತಿದ್ದಿ, ಮರುಮಂಜೂರಾದ ಭೂಮಿಯನ್ನು 15 ವರ್ಷ ಯಾರಿಗೂ ಪರಭಾರೆ ಮಾಡಬಾರದು, ಮನೆಯೊಳಗೆ ಪಾಲು ಮಾತ್ರ ಆಗಬಹುದು ಅಂದರು. ಆ 15 ವರ್ಷವೂ 1993ಕ್ಕೆ ಮುಗೀತು.

1978ರಲ್ಲೇ ಇನ್ನೊಂದು ಕಾಯ್ದೆ ಬಂತು. ನಮ್ಮ ಜನ ಪಿಟಿಸಿಎಲ್ ಅಂತಾರೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ ಷರತ್ತು ಮೀರಿ ಪರರ ಪಾಲಾದರೆ ವಾಪಸು ಕೊಡಿಸುವ ಕಾಯ್ದೆ. 1979ರ ಜನವರಿ 1ರಿಂದ ಜಾರಿ. ಈ ಕಾಯ್ದೆಗೋಸ್ಕರ ನಮ್ಮ ಹಿರಿಯರು ಬೀದಿಗಿಳಿದಿದ್ದಾರೆ. ಆದರೆ ಅದರ ಮೂರನೇ ಕಲಮು ತೆಗೆದು ಓದಿ. ಮಂಜೂರಾದ ಭೂಮಿ ಅಂದರೆ ಯಾವುದು ಅಂತ ಹೇಳುವಾಗ ಇನಾಂ ರದ್ದತಿಯಲ್ಲಿ ಬಂದ ಭೂಮಿಯನ್ನೂ ಸೇರಿಸಿ, ವಂಶಪಾರಂಪರ್ಯ ಹುದ್ದೆಗೆ ಸಂಬಂಧಪಟ್ಟದ್ದನ್ನು ಮಾತ್ರ ಹೊರಗಿಟ್ಟಿದ್ದಾರೆ. ಹೊರಗಿಟ್ಟದ್ದು ಯಾರದನ್ನ? ತೋಟಿಯದನ್ನ. ತಲೆಮಾರುಗಟ್ಟಲೆ ಊರಿನ ಎಲ್ಲೆ ಕಾದವನ ಭೂಮಿಗೆ ಈ ಕಾಯ್ದೆಯ ಕಾವಲು ಸಿಗಲಿಲ್ಲ. ಅವನನ್ನು ಊರ ಹೊರಗೆ ಇಟ್ಟರು, ಅವನ ಭೂಮಿಯನ್ನು ಕಾಯ್ದೆಯ ಹೊರಗೆ ಇಟ್ಟರು.

ಆದ್ದರಿಂದ ದರಖಾಸ್ತಿನಲ್ಲಿ ಬಂದ ಭೂಮಿ ಬೇರೆ, ತೋಟಿ ಇನಾಂ ಬೇರೆ. ಎರಡೂ ಒಂದೇ ಅಂದುಕೊಂಡು ಅರ್ಜಿ ಬರೆದರೆ ಮೊದಲನೇ ದಿನವೇ ಸೋಲ್ತೀವಿ. ತೋಟಿ ಇನಾಮಿಗೆ 1961ರ ಕಾಯ್ದೆಯನ್ನೇ ಹಿಡಿದು ಹೋಗಬೇಕು. ಬಿ.ಎ. ಓದಿದವರು, ಓದ್ತಾ ಇರೋರು ಇದನ್ನು ಕಲಿಯದೆ ಇದ್ದರೆ ಇನ್ನು ಯಾರು ಕಲೀತಾರೆ?

ಹಳೇ ಕಥೆ ಯಾಕೆ, ಕಾಲ ಬದಲಾಗಿದೆ ಅಂತ ಕೆಲವರು ಅಂತಾರೆ. 2000ನೇ ಇಸವಿ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಆಗ ಅದು ನಮ್ಮ ಕೋಲಾರ ಜಿಲ್ಲೆಯೇ, 2007ರಿಂದ ಚಿಕ್ಕಬಳ್ಳಾಪುರ. ಸಾಕ್ಷಿಗಳು ನ್ಯಾಯಾಲಯದಲ್ಲಿ ತಿರುಗಿ ನುಡಿದರು. 2006ರಲ್ಲಿ ಆರೋಪಿಗಳಿಗೆ ಬಿಡುಗಡೆ ಆಯಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಗೌಡರ ಹೊಲದ ಎಲ್ಲೆಗೆ ನಮ್ಮವನ ಸಾಕ್ಷಿ ಬೇಕಿತ್ತು, ಅದರ ಮೇಲೆ ಯಾರೂ ಮಾತಾಡುವಂತಿರಲಿಲ್ಲ. ನಮ್ಮ ಹೆಣಗಳಿಗೆ ನಾವೇ ಸಾಕ್ಷಿ ಹೇಳೋಕೆ ಧೈರ್ಯ ಕೊಡುವ ಕಾವಲು ಇರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಇಲ್ಲೇ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ಹುಡುಗ ದೇವರ ಮೆರವಣಿಗೆಯ ಕೋಲು ಮುಟ್ಟಿದ ಅಂತ ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಶಾಲೆಗೆ ಹೋಗುವ ಹುಡುಗ. ಊರಿನ ಕಟ್ಟು ಕಾಪಾಡೋದು ಅಂದರೆ ಇದೇ ಅಂತ ಇನ್ನೂ ತಿಳಿದವರಿದ್ದಾರೆ.

ಹಾಸ್ಟೆಲಿನ ಮಾತು ಒಂದಿಷ್ಟು. ನಮ್ಮ ಹಾಸ್ಟೆಲುಗಳ ವಾರ್ಡನ್ ಬಹಳ ಕಡೆ ನಮ್ಮಂಥ ಹಟ್ಟಿಯಿಂದಲೇ ಬಂದವರು. ಅವರನ್ನು ಶತ್ರು ಅನ್ನಬೇಡಿ. ಆದರೆ ಒಂದು ಪ್ರಶ್ನೆ ಕೇಳಿ: ಸಾರ್, ಈ ಗೇಟು ನಮ್ಮನ್ನು ಕಾಯೋಕೋ, ನಮ್ಮಿಂದ ಬೇರೆಯವರನ್ನು ಕಾಯೋಕೋ? ಉಗ್ರಾಣಕ್ಕೆ ಬಂದ ಅಕ್ಕಿ ಬೇಳೆಯ ಲೆಕ್ಕ ಗೋಡೆಗೆ ಹಾಕಿಸಿ. ನೀರು, ಕಕ್ಕಸು, ಓದೋಕೆ ದೀಪ, ಹೆಣ್ಣುಮಕ್ಕಳಿಗೆ ರಾತ್ರಿ ಭದ್ರತೆ, ಇವು ಭಿಕ್ಷೆ ಅಲ್ಲ. ಹಾಜರಿ ಕೂಗಿ ಬೀಗ ಹಾಕೋದಷ್ಟೇ ಕಾವಲು ಅಲ್ಲ, ಪಾಲಿಗೆ ಬಂದದ್ದು ಪಾಲಿನವನ ತಟ್ಟೆಗೆ ಮುಟ್ಟೋ ಹಾಗೆ ನೋಡೋದೇ ಕಾವಲು.

ಕೊನೆಯದಾಗಿ ಒಂದು ಕೆಲಸ. ಬರೋ ರಜದಲ್ಲಿ ಊರಿಗೆ ಹೋದಾಗ ಅಜ್ಜನ ಹತ್ತಿರ, ಅಜ್ಜಿಯ ಹತ್ತಿರ ಕೂತ್ಕೊಳ್ಳಿ. ನಮ್ಮ ಮನೇಲಿ ತೋಟಿತನ ಇತ್ತಾ, ನೀರಗಂಟಿಕೆ ಇತ್ತಾ, ಯಾವ ಹೊಲ ಇನಾಂ ಇತ್ತು, ಯಾವ ಮರದಿಂದ ಯಾವ ಕಲ್ಲಿನವರೆಗೆ ಅಂತ ಕೇಳಿ ಬರ್ಕೊಳ್ಳಿ. ಅಜ್ಜಿಯರಿಗೆ ಹೆಚ್ಚು ನೆನಪಿರ್ತದೆ, ಆ ಹೊಲದಲ್ಲಿ ಬಗ್ಗಿ ಕಳೆ ಕಿತ್ತವರು ಅವರು. ಆಮೇಲೆ ತಾಲೂಕು ಕಚೇರಿಗೆ ನಾಲ್ಕು ಜನ ಒಟ್ಟಿಗೆ ಹೋಗಿ. ಇನಾಂ ರಿಜಿಸ್ಟರು, ರೀಗ್ರಾಂಟ್ ಆದೇಶ, ಹಳೇ ಪಹಣಿ, ಮ್ಯುಟೇಶನ್ ಕೇಳಿ. ನಾಳೆ ಬಾ ಅಂದರೆ 2005ರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದು ಮೊಹರು ಹಾಕಿಸಿಕೊಂಡೇ ಬನ್ನಿ. ಎಲ್ಲಾ ಭೂಮಿ ವಾಪಸು ಬರ್ತದೆ ಅಂತ ಸುಳ್ಳು ಹೇಳೋದಿಲ್ಲ. ಎಷ್ಟೋ ಕಡೆ ಕೈ ಬದಲಾಗಿ, ಲೇಔಟು ಆಗಿ, ಗೋಡೆ ಎದ್ದಿದೆ. ಆದರೂ ಎಷ್ಟಿತ್ತು, ಯಾವಾಗ ಹೋಯಿತು, ಯಾರ ಸಹಿಯಿಂದ ಹೋಯಿತು, ಇಷ್ಟಾದರೂ ನಮ್ಮ ಪುಸ್ತಕದಲ್ಲಿ ಇರಬೇಕು. ಉಳಿದಿರೋ ಅಷ್ಟಿಷ್ಟು ಭೂಮಿ ಇನ್ನು ಕೈಬಿಡಬಾರದು.

ಊರ ಮಣ್ಣು ತಲೆ ಮೇಲೆ ಹೊತ್ತು ಪರರ ಎಲ್ಲೆ ತೋರಿಸಿಕೊಟ್ಟ ಜನ ನಾವು. ಇನ್ನು ಮೇಲೆ ನಮ್ಮ ಎಲ್ಲೆಯನ್ನು ನಾವು ನಡೆದು ನೋಡೋಣ. ಬನ್ನಿ, ಒಟ್ಟಿಗೆ ನಡೆಯೋಣ.

ಜೈ ಭೀಮ್.