ಶನಿವಾರದ ಕೂಲಿ: ಬ್ರಿಸ್ಬೇನ್ ಬ್ರಾಂಕೋಸ್ ಮಹಿಳಾ ತಂಡದ ಎಂಟು ಋತುಗಳು



ಈ ಮಾಲೆಯಲ್ಲಿ ಕಾವ್ಯ, ಸಂಗೀತ, ಇತಿಹಾಸದ ಬಗ್ಗೆ ಉಪನ್ಯಾಸಗಳು ನಡೆಯುತ್ತ ಬಂದಿವೆ. ಇಂದು ನಾನು ಒಂದು ಆಟದ ತಂಡದ ಸೋಲು-ಗೆಲುವಿನ ಲೆಕ್ಕ ಹಿಡಿದು ನಿಂತಿದ್ದೇನೆ. ತಂಡದ ಹೆಸರು ಬ್ರಿಸ್ಬೇನ್ ಬ್ರಾಂಕೋಸ್. ಇದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ತಂಡ. ಬ್ರಾಂಕೋ ಎಂದರೆ ಪೂರ್ತಿ ಪಳಗದ ಕುದುರೆ. ಈ ಕ್ಲಬ್ಬಿನ ಗಂಡಸರ ತಂಡ 1988ರಿಂದ ಆಡುತ್ತಿದೆ. ಹೆಂಗಸರ ತಂಡ ಕಣಕ್ಕಿಳಿದದ್ದು 2018ರಲ್ಲಿ. ನಡುವೆ ಮೂವತ್ತು ವರ್ಷಗಳ ಅಂತರ. ಆ ಅಂತರ ಏಕೆ ಬಂತು, ಅದು ತುಂಬಿದ ಮೇಲೆ ಏನಾಯಿತು ಎಂಬುದೇ ಇಂದಿನ ಮಾತು.

ಮೊದಲು ಆಟ ಎಂಥದ್ದು ಎಂದು ನೋಡೋಣ. ರಗ್ಬಿ ಎಂದರೆ ಒಂದೇ ಆಟ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಅದರಲ್ಲಿ ಎರಡು ಬಗೆಗಳಿವೆ. ರಗ್ಬಿ ಯೂನಿಯನ್‌ನಲ್ಲಿ ಹದಿನೈದು ಜನ, ರಗ್ಬಿ ಲೀಗ್‌ನಲ್ಲಿ ಹದಿಮೂರು ಜನ. ನಾನು ಹೇಳುತ್ತಿರುವುದು ಹದಿಮೂರರ ಆಟದ ವಿಷಯ. ಒಬ್ಬಳು ಆಟಗಾರ್ತಿ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನೇರ ಎದುರಾಳಿಗಳ ಸಾಲಿಗೆ ನುಗ್ಗುತ್ತಾಳೆ. ಇಬ್ಬರೋ ಮೂವರೋ ಬಂದು ಅವಳ ಸೊಂಟ, ತೊಡೆ ಹಿಡಿದು ನೆಲಕ್ಕೆ ಕೆಡವುತ್ತಾರೆ. ಇದು ಟ್ಯಾಕಲ್. ಕಬಡ್ಡಿಯಲ್ಲಾದರೆ ಹಿಡಿಸಿಕೊಂಡವಳು ಗೆರೆ ಮುಟ್ಟದಿದ್ದರೆ ಔಟ್. ಇಲ್ಲಿ ಹಾಗಲ್ಲ. ಅವಳು ಎದ್ದು ನಿಲ್ಲುತ್ತಾಳೆ, ಚೆಂಡನ್ನು ನೆಲಕ್ಕಿಟ್ಟು ಅಂಗಾಲಿನಿಂದ ಹಿಂದಕ್ಕೆ ಉರುಳಿಸುತ್ತಾಳೆ. ಹಿಂದೆ ಬಗ್ಗಿ ಕಾಯುತ್ತಿದ್ದ ಜೊತೆಯವಳು ಅದನ್ನೆತ್ತಿ ಇನ್ನೊಬ್ಬಳಿಗೆ ಎಸೆಯುತ್ತಾಳೆ. ಕೈಯಿಂದ ಎಸೆಯುವಾಗ ಚೆಂಡು ಮುಂದಕ್ಕೆ ಹೋಗುವಂತಿಲ್ಲ, ಅಕ್ಕಪಕ್ಕಕ್ಕೆ ಅಥವಾ ಹಿಂದಕ್ಕೇ ಹೋಗಬೇಕು. ಹೀಗೆ ಆರು ಟ್ಯಾಕಲ್‌ಗಳವರೆಗೆ ಅವಕಾಶ. ಅಷ್ಟರೊಳಗೆ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿದರೆ ಟ್ರೈ, ಅದಕ್ಕೆ ನಾಲ್ಕು ಅಂಕ. ಆಮೇಲಿನ ಒದೆತ ಕಂಬಗಳ ನಡುವೆ ಹೋದರೆ ಮತ್ತೆರಡು. ಆರನೆಯ ಬಾರಿ ಬಿದ್ದರೆ ಚೆಂಡು ಎದುರಾಳಿಗಳ ಪಾಲು.

ಬೀಳುವುದು, ಏಳುವುದು, ಚೆಂಡು ಹಿಂದಕ್ಕೆ ಕೊಟ್ಟು ತಾನು ಮುಂದಕ್ಕೆ ಓಡುವುದು. ಆಟದ ಜೀವಾಳ ಇದೇ. ಮೈಯೆಲ್ಲ ಸುಸ್ತಾದಾಗಲೂ ಏಳಬೇಕು. ಇದಕ್ಕೆ ಧೈರ್ಯ ಬೇಕು, ಆದರೆ ಧೈರ್ಯವೊಂದೇ ಸಾಲದು. ತಿಂಗಳುಗಟ್ಟಲೆ ತಾಲೀಮು ಬೇಕು, ಒಳ್ಳೆಯ ಊಟ ಬೇಕು, ಪೆಟ್ಟು ಮಾಗಲು ದಿನಗಳು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಸಮಯ ಬೇಕು. ಸಮಯಕ್ಕೆ ಬೆಲೆಯಿದೆ, ಆ ಬೆಲೆಯನ್ನು ಯಾರಾದರೂ ತೆರಬೇಕು.

ಈ ಆಟ ಹುಟ್ಟಿದ್ದೇ ಅಂಥದೊಂದು ಪ್ರಶ್ನೆಯಿಂದ. 19ನೇ ಶತಮಾನದ ಕೊನೆಯಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ರಗ್ಬಿ ಆಡುತ್ತಿದ್ದವರಲ್ಲಿ ಗಣಿ ಕೆಲಸಗಾರರು, ಗಿರಣಿ ಕಾರ್ಮಿಕರು ಬಹಳ ಮಂದಿ. ಅವರಿಗೆ ಶನಿವಾರವೂ ಕೆಲಸದ ದಿನ. ಪಂದ್ಯಕ್ಕೆ ಹೋದರೆ ಅಂದಿನ ಕೂಲಿ ಕೈತಪ್ಪುತ್ತಿತ್ತು. ಕಳೆದುಕೊಂಡ ದಿನಕ್ಕೆ ಆರು ಶಿಲಿಂಗ್ ಕೊಡಲು ಅನುಮತಿ ಬೇಕೆಂದು ಉತ್ತರದ ಕ್ಲಬ್ಬುಗಳು ಕೇಳಿದವು. ಲಂಡನ್ನಿನ ಆಡಳಿತಗಾರರು ಒಪ್ಪಲಿಲ್ಲ. ಆಟಕ್ಕೆ ಹಣ ಮುಟ್ಟುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂಬುದು ಅವರ ನಿಲುವು. ಕೂಲಿಯ ಚಿಂತೆ ಇಲ್ಲದವರು ಹಾಗೆ ಹೇಳುವುದು ಸುಲಭ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆಯಾದವು. ಮುಂದೆ ಅದೇ ರಗ್ಬಿ ಲೀಗ್ ಎನಿಸಿತು. 1908ರ ಹೊತ್ತಿಗೆ ಸಿಡ್ನಿಯಲ್ಲೂ ಅದರ ಪಂದ್ಯಾವಳಿ ಶುರುವಾಯಿತು.

ದುಡಿಯುವವನ ಶನಿವಾರದ ಕೂಲಿಯನ್ನು ಗೌರವಿಸಿದ ಆಟ ಇದು. ಆ ಗೌರವ ಹೆಣ್ಣುಮಕ್ಕಳಿಗೆ ದಕ್ಕಲು ಎಷ್ಟು ಕಾಲ ಹಿಡಿಯಿತು ನೋಡಿ.

ಅವರಿಗೆ ಆಸಕ್ತಿ ಇರಲಿಲ್ಲ, ನೋಡುವವರೂ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1921ರ ಸೆಪ್ಟೆಂಬರಿನಲ್ಲಿ ಸಿಡ್ನಿಯಲ್ಲಿ ಹೆಂಗಸರ ಎರಡು ತಂಡಗಳು ರಗ್ಬಿ ಲೀಗ್ ಪಂದ್ಯವಾಡಿದವು. ನೋಡಲು ಸುಮಾರು 20,000 ಜನ ಸೇರಿದ್ದರು. ಮ್ಯಾಗಿ ಮಲೋನಿ ಎಂಬ ಹದಿಹರೆಯದ ಹುಡುಗಿ ಅಂದು ನಾಲ್ಕು ಟ್ರೈ ಗಳಿಸಿದಳು. ಆದರೆ ಆಟದ ಅಧಿಕೃತ ಸಂಸ್ಥೆ ಬೆಂಬಲಕ್ಕೆ ನಿಲ್ಲಲಿಲ್ಲ. ಜನ ಬಂದಿದ್ದರು, ಆಡುವವರೂ ಇದ್ದರು, ವ್ಯವಸ್ಥೆಯೊಂದು ಇರಲಿಲ್ಲ. ಅದು ಬರಲು ಇನ್ನೂ ತೊಂಬತ್ತೇಳು ವರ್ಷ ಬೇಕಾಯಿತು.

ಈ ನಡುವೆ ಹೆಂಗಸರು ಸುಮ್ಮನೆ ಕೂರಲಿಲ್ಲ. ಸಂಬಳವಿಲ್ಲದೆ ಆಡಿದರು. 1999ರಿಂದ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ಹೆಂಗಸರ ನಡುವೆ ವರ್ಷಂಪ್ರತಿ ಪಂದ್ಯ ನಡೆಯತೊಡಗಿತು. 2016ರವರೆಗೆ ನ್ಯೂ ಸೌತ್ ವೇಲ್ಸ್‌ಗೆ ಅದರಲ್ಲಿ ಗೆಲುವೇ ಸಿಗಲಿಲ್ಲ. ಆ ಕಾಲದ ಕ್ವೀನ್ಸ್‌ಲ್ಯಾಂಡಿನ ಹಾಗೂ ದೇಶದ ನಾಯಕಿ ಕ್ಯಾರಿನ್ ಮರ್ಫಿ. ವೃತ್ತಿಯಲ್ಲಿ ಪೊಲೀಸ್ ಅಧಿಕಾರಿ. ಇಂದು ಮಹಿಳಾ ಲೀಗ್‌ನ ಫೈನಲ್‌ನಲ್ಲಿ ಅತ್ಯುತ್ತಮವಾಗಿ ಆಡಿದವರಿಗೆ ಕೊಡುವ ಪದಕ ಅವರ ಹೆಸರಿನಲ್ಲಿದೆ. ಬ್ರಾಂಕೋಸ್ ತಂಡದ ಬೇರುಗಳು ಈ ಮಣ್ಣಿನಲ್ಲಿವೆ.

2018ರಲ್ಲಿ ರಾಷ್ಟ್ರೀಯ ಮಹಿಳಾ ಲೀಗ್ ಶುರುವಾಯಿತು. ಆಗ ಇದ್ದದ್ದು ನಾಲ್ಕೇ ತಂಡಗಳು: ಬ್ರಿಸ್ಬೇನ್ ಬ್ರಾಂಕೋಸ್, ಸಿಡ್ನಿ ರೂಸ್ಟರ್ಸ್, ಸೇಂಟ್ ಜಾರ್ಜ್ ಇಲ್ಲವಾರಾ ಡ್ರ್ಯಾಗನ್ಸ್, ನ್ಯೂಜಿಲೆಂಡ್ ವಾರಿಯರ್ಸ್. ಪ್ರತಿ ತಂಡ ಉಳಿದ ಮೂರರ ಜೊತೆ ಒಂದೊಂದು ಸಲ ಆಡುವುದು, ಆಮೇಲೆ ಫೈನಲ್. ಫೈನಲ್‌ಗೆ ಬಂದವರಿಗೂ ಇಡೀ ವರ್ಷಕ್ಕೆ ನಾಲ್ಕೇ ಪಂದ್ಯ.

ಸಿಕ್ಕ ಅಷ್ಟರಲ್ಲಿ ಬ್ರಾಂಕೋಸ್ ಏನು ಮಾಡಿದರು ಎಂದು ಕೇಳಿ. 2018ರಲ್ಲಿ ಒಂದೂ ಪಂದ್ಯ ಸೋಲದೆ ಫೈನಲ್‌ಗೆ ಬಂದು ರೂಸ್ಟರ್ಸ್ ತಂಡವನ್ನು 34–12ರಿಂದ ಸೋಲಿಸಿದರು. 2019ರ ಫೈನಲ್‌ನಲ್ಲಿ ಡ್ರ್ಯಾಗನ್ಸ್ ವಿರುದ್ಧ 30–6. 2020ರಲ್ಲಿ, ಸಾಂಕ್ರಾಮಿಕದ ನಡುವೆಯೂ, ಮತ್ತೆ ರೂಸ್ಟರ್ಸ್ ವಿರುದ್ಧ 20–10. ಮೂರು ವರ್ಷ, ಮೂರು ಪ್ರಶಸ್ತಿ. ಹನ್ನೆರಡು ಪಂದ್ಯಗಳಲ್ಲಿ ಹನ್ನೊಂದು ಗೆಲುವು. ಸೋತ ಒಂದೇ ಒಂದು ಪಂದ್ಯ 2019ರಲ್ಲಿ ವಾರಿಯರ್ಸ್ ವಿರುದ್ಧದ್ದು, ಅದೂ ಎರಡೇ ಅಂಕಗಳ ಅಂತರದಲ್ಲಿ.

ಈ ಮೂರೂ ಗೆಲುವುಗಳಲ್ಲಿ ಜೊತೆಗಿದ್ದ ಒಬ್ಬಳ ಬಗ್ಗೆ ಎರಡು ಮಾತು ಹೇಳಲೇಬೇಕು. ಆಲಿ ಬ್ರಿಗಿನ್‌ಶಾ. 1989ರಲ್ಲಿ ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನಲ್ಲಿ ಹುಟ್ಟಿದವಳು. ಅವಳದು ಹಾಫ್‌ಬ್ಯಾಕ್ ಜಾಗ. ತಂಡ ಎತ್ತ ಸಾಗಬೇಕು, ಚೆಂಡು ಯಾರ ಕೈಗೆ ಹೋಗಬೇಕು, ಕೊನೆಯ ಟ್ಯಾಕಲ್‌ಗೆ ಮುಂಚೆ ಅದನ್ನು ಎಲ್ಲಿಗೆ ಒದೆಯಬೇಕು ಎಂದು ಕ್ಷಣದಲ್ಲಿ ತೀರ್ಮಾನಿಸುವ ಜಾಗ ಅದು. 2009ರಿಂದ ದೇಶಕ್ಕಾಗಿ ಆಡಿದ ಅವಳು 2013, 2017 ಮತ್ತು 2022ರ ಕೊನೆಯಲ್ಲಿ ನಡೆದ ವಿಶ್ವಕಪ್‌ಗಳನ್ನು ಗೆದ್ದ ತಂಡಗಳಲ್ಲಿದ್ದಳು. 2020ರಲ್ಲಿ ಲೀಗ್‌ನ ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಡ್ಯಾಲಿ ಎಂ ಪದಕ ಅವಳಿಗೆ ಬಂತು. ಲೀಗ್ ಶುರುವಾದಾಗ ಅವಳಿಗೆ ಇಪ್ಪತ್ತೆಂಟು ತುಂಬಿತ್ತು. ಗಂಡಸರ ಆಟದಲ್ಲಾದರೆ ಆ ವಯಸ್ಸಿಗೆ ಹತ್ತು ವರ್ಷದ ವೃತ್ತಿಜೀವನ, ಅದರ ಸಂಪಾದನೆ ಎರಡೂ ಕೈಯಲ್ಲಿರುತ್ತಿದ್ದವು. ಅವಳಿಗೆ ಆಗಷ್ಟೇ ಬಾಗಿಲು ತೆರೆದಿತ್ತು.

ಇನ್ನು ಇಳಿತದ ಕಾಲ. 2021ರ ಋತು ಸಾಂಕ್ರಾಮಿಕದಿಂದ ಮುಂದೆ ಹೋಗಿ 2022ರ ಆರಂಭದಲ್ಲಿ ನಡೆಯಿತು. ತಂಡಗಳು ಆರಾದವು. ಬ್ರಾಂಕೋಸ್ ಅಂಕಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದರೂ ಸೆಮಿಫೈನಲ್‌ನಲ್ಲಿ ರೂಸ್ಟರ್ಸ್‌ಗೆ 22–16ರಿಂದ ಸೋತರು. ಅದೇ ವರ್ಷ ನಡೆದ ಮುಂದಿನ ಋತು ಇನ್ನೂ ಕಷ್ಟದ್ದು. ಐದು ಪಂದ್ಯಗಳಲ್ಲಿ ಒಂದೇ ಗೆಲುವು. ಸೆಮಿಫೈನಲ್ ಕೂಡ ಸಿಗಲಿಲ್ಲ.

ಮೂರು ಸಲ ಗೆದ್ದ ತಂಡ ಹೀಗೇಕಾಯಿತು? ತಂಡಗಳು ಹೆಚ್ಚಿದಂತೆ ಒಂದೆಡೆ ಸೇರಿದ್ದ ಪ್ರತಿಭೆ ಹಂಚಿಹೋಯಿತು. ಟಮಿಕಾ ಅಪ್ಟನ್, ಮಿಲ್ಲಿ ಬಾಯ್ಲ್ ಇಬ್ಬರೂ ಬ್ರಾಂಕೋಸ್ ಬಿಟ್ಟು ನ್ಯೂಕ್ಯಾಸಲ್ ನೈಟ್ಸ್ ಸೇರಿದರು. ನೈಟ್ಸ್ 2022ರಲ್ಲಿ ಗೆದ್ದರು, 2023ರಲ್ಲೂ ಗೆದ್ದರು. ಬ್ರಾಂಕೋಸ್ ಅಭಿಮಾನಿಗಳಿಗೆ ಇದು ನೋವಿನ ಕಾಲವೇ ಸರಿ. ಆದರೆ ಲೀಗ್‌ನ ಕಣ್ಣಿನಿಂದ ನೋಡಿದರೆ ನಾನು ಇದನ್ನು ಬೆಳವಣಿಗೆ ಎಂದೇ ಕರೆಯುತ್ತೇನೆ. ಒಬ್ಬ ಆಟಗಾರ್ತಿಯನ್ನು ಬೇರೆ ಊರಿನ ಕ್ಲಬ್ಬು ಹಣ ಕೊಟ್ಟು ಕರೆಯುತ್ತದೆ ಎಂದರೆ ಅವಳ ದುಡಿಮೆಗೆ ಮಾರುಕಟ್ಟೆಯಲ್ಲಿ ಬೆಲೆ ಬಂತು ಎಂದೇ ಅರ್ಥ.

ಆ ಬೆಲೆ ಕಾಗದದ ಮೇಲೆ ಗಟ್ಟಿಯಾದದ್ದು 2023ರಲ್ಲಿ. ತಂಡಗಳು ಹತ್ತಾದವು. ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೆ ಒಂಬತ್ತು ಪಂದ್ಯ. ಆಟಗಾರರ ಸಂಘ ಪಟ್ಟು ಹಿಡಿದು ಮಾತುಕತೆ ನಡೆಸಿ ಮಾಡಿಕೊಂಡ ಒಪ್ಪಂದದಲ್ಲಿ ಮೊದಲ ಬಾರಿಗೆ ಹೆಂಗಸರೂ ಸೇರಿದರು. ಒಬ್ಬೊಬ್ಬರಿಗೆ ಆ ಋತುವಿಗೆ ಕನಿಷ್ಠ 30,000 ಆಸ್ಟ್ರೇಲಿಯನ್ ಡಾಲರ್. ಒಂದು ತಂಡ ಆ ವರ್ಷ ಸಂಬಳಕ್ಕೆ ಖರ್ಚು ಮಾಡಬಹುದಾಗಿದ್ದ ಮಿತಿ 9 ಲಕ್ಷ ಡಾಲರ್. ಒಂದಕ್ಕಿಂತ ಹೆಚ್ಚು ವರ್ಷದ ಕರಾರು, ಆರೋಗ್ಯ ವಿಮೆ, ಬಸುರಿ ಬಾಣಂತಿಯರಿಗೆ ರಕ್ಷಣೆ. ಗಂಡಸರ ಸಂಬಳದ ಮುಂದೆ ಇದು ಚಿಕ್ಕದು, ಬರಿಯ ಇದರಲ್ಲೇ ವರ್ಷ ದೂಡುವುದು ಕಷ್ಟ. ಆದರೂ ಪಾಳಿ ಮುಗಿಸಿ ಸಂಜೆ ತಾಲೀಮಿಗೆ ಓಡುತ್ತಿದ್ದವಳಿಗೆ, ಪೆಟ್ಟಾದರೆ ನಾಳೆ ಕೆಲಸಕ್ಕೆ ಹೇಗೆ ಹೋಗಲಿ ಎಂದು ಅಂಜುತ್ತಿದ್ದವಳಿಗೆ, ಈ ಕಾಗದ ಎಷ್ಟು ದೊಡ್ಡದು ಎಂದು ಯೋಚಿಸಿ. 1895ರಲ್ಲಿ ಗಣಿ ಕೆಲಸಗಾರ ಕೇಳಿದ ಆರು ಶಿಲಿಂಗ್ ಅವಳ ಕೈ ಸೇರಲು 128 ವರ್ಷ ಹಿಡಿಯಿತು.

ಹಿಂದೆ ಹಾಫ್‌ಬ್ಯಾಕ್ ಆಗಿ ಹೆಸರು ಮಾಡಿದ್ದ ಸ್ಕಾಟ್ ಪ್ರಿನ್ಸ್ 2023ರಲ್ಲಿ ಬ್ರಾಂಕೋಸ್ ಮಹಿಳೆಯರ ತರಬೇತುದಾರರಾದರು. ತಂಡ ಆ ವರ್ಷವೂ ಮರುವರ್ಷವೂ ಸೆಮಿಫೈನಲ್‌ವರೆಗೆ ಬಂದು ನಿಂತಿತು. 2025ರಲ್ಲಿ ಲೀಗ್ ಹನ್ನೆರಡು ತಂಡಗಳಿಗೆ ಬೆಳೆಯಿತು. ಅಪ್ಟನ್ ಬ್ರಿಸ್ಬೇನಿಗೆ ಮರಳಿದಳು. ಫೈನಲ್ 2025ರ ಅಕ್ಟೋಬರ್ 5ರಂದು ಸಿಡ್ನಿಯಲ್ಲಿ. ಎದುರಿಗೆ ಹಳೆಯ ಎದುರಾಳಿ ರೂಸ್ಟರ್ಸ್, ಹಿಂದಿನ ವರ್ಷದ ಚಾಂಪಿಯನ್ನರು, ಆ ಋತುವಿನ ಲೀಗ್ ಹಂತದಲ್ಲಿ ಒಂದೂ ಪಂದ್ಯ ಸೋಲದವರು. ಬ್ರಾಂಕೋಸ್ ನಾಯಕಿ ಬ್ರಿಗಿನ್‌ಶಾ, ವಯಸ್ಸು ಮೂವತ್ತೈದು. ಪಂದ್ಯ ಮುಗಿದಾಗ ಅಂಕ 22–18. ಗೆದ್ದವರು ಬ್ರಾಂಕೋಸ್. ಅದೇ ದಿನ, ಅದೇ ಮೈದಾನದಲ್ಲಿ, ಆಮೇಲೆ ಆಡಿದ ಗಂಡಸರ ತಂಡ ಮೆಲ್ಬರ್ನ್ ಸ್ಟಾರ್ಮ್ ವಿರುದ್ಧ 26–22ರಿಂದ ಗೆದ್ದು 2006ರ ನಂತರದ ತಮ್ಮ ಮೊದಲ ಪ್ರಶಸ್ತಿ ಎತ್ತಿತು. ಒಂದೇ ಕ್ಲಬ್ಬಿನ ಎರಡು ಟ್ರೋಫಿ ಒಂದೇ ವಿಮಾನದಲ್ಲಿ ಬ್ರಿಸ್ಬೇನ್ ಸೇರಬಹುದಾದಂಥ ದಿನ ಅದು. ಆ ಊರಿಗೆ ಅದು ಹಬ್ಬ.

ಈಗ ಲೆಕ್ಕ ಕೂಡೋಣ. 2025ರವರೆಗಿನ ಎಂಟು ಋತುಗಳಲ್ಲಿ ನಾಲ್ಕು ಪ್ರಶಸ್ತಿ. ಆಡಿದ ನಾಲ್ಕೂ ಫೈನಲ್‌ಗಳಲ್ಲಿ ಗೆಲುವು. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ ಸಮ. ನನ್ನ ಮಟ್ಟಿಗೆ ನಾಲ್ಕನೆಯದರ ತೂಕವೇ ಬೇರೆ. ಮೊದಲ ಮೂರು ಬಂದದ್ದು ನಾಲ್ಕು ತಂಡಗಳ ಪುಟ್ಟ ಲೀಗ್‌ನಲ್ಲಿ, ಮೂವತ್ತು ನಿಮಿಷಗಳ ಎರಡು ಅವಧಿಯ ಪಂದ್ಯಗಳಲ್ಲಿ. ನಾಲ್ಕನೆಯದು ಬಂದದ್ದು ಹನ್ನೆರಡು ತಂಡಗಳ ನಡುವೆ, ಅವಧಿ ಮೂವತ್ತೈದು ನಿಮಿಷಕ್ಕೆ ಬೆಳೆದ ಮೇಲೆ, ಎದುರಾಳಿಗಳೂ ಸಂಬಳ ಪಡೆದು, ತಾಲೀಮು ಮಾಡಿ ಗಟ್ಟಿಯಾದ ಮೇಲೆ. ಹಾಗೆಂದು ಮೊದಲ ಮೂರನ್ನು ಕಡೆಗಣಿಸುವಂತಿಲ್ಲ. ಕೈಗೆ ಹೆಚ್ಚೇನೂ ಬಾರದ ಕಾಲದಲ್ಲಿ ಆ ಹೆಂಗಸರು ಅಷ್ಟು ಚೆನ್ನಾಗಿ ಆಡಿ ತೋರಿಸದಿದ್ದರೆ, ಮಾತುಕತೆಯ ಮೇಜಿನ ಮೇಲೆ ಇಡಲು ಏನೂ ಇರುತ್ತಿರಲಿಲ್ಲ.

ಕೊನೆಯದಾಗಿ ನಿಮ್ಮಲ್ಲಿ ಒಂದು ವಿನಂತಿ. ನಾಳೆ ಪತ್ರಿಕೆಯ ಕ್ರೀಡಾ ಪುಟದಲ್ಲಿ ಯಾವುದೇ ಮಹಿಳಾ ತಂಡದ ಅಂಕಪಟ್ಟಿ ಕಂಡಾಗ, ಆಡಿದ್ದೆಷ್ಟು, ಗೆದ್ದದ್ದೆಷ್ಟು ಎಂದು ಓದಿ ಪುಟ ತಿರುವಬೇಡಿ. ಇವರಿಗೆ ವರ್ಷಕ್ಕೆ ಎಷ್ಟು ಪಂದ್ಯ ಕೊಟ್ಟರು, ಆ ದಿನಗಳ ಕೂಲಿಯನ್ನು ಯಾರು ಕೊಟ್ಟರು ಎಂದೂ ಕೇಳಿ. ಬ್ರಾಂಕೋಸ್ ಹೆಂಗಸರು ನಾಲ್ಕು ಸಲ ಟ್ರೋಫಿ ಎತ್ತಿದರು. ಆ ಎರಡು ಪ್ರಶ್ನೆಗಳನ್ನು ಕೇಳುವವರು ಹೆಚ್ಚಿದಷ್ಟೂ ಇನ್ನಷ್ಟು ಊರುಗಳ ಹುಡುಗಿಯರು ಆಟವನ್ನೇ ಬದುಕಾಗಿ ಆರಿಸಿಕೊಳ್ಳಬಲ್ಲರು.