ಕುಂಚ ಬಿಟ್ಟು ಗಣಿತ ಹಿಡಿದ ಎಡ್ ಕ್ಯಾಟ್ಮಲ್

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಚಿತ್ರ ಬರೆಯುತ್ತಾ ಕುಳಿತ ಮಗುವಿಗೆ "ಇದರಿಂದ ಹೊಟ್ಟೆ ತುಂಬುತ್ತದೆಯೇ? ಲೆಕ್ಕ ಮಾಡು" ಎಂದು ಗದರುವುದು ನಮ್ಮ ಮನೆಗಳಲ್ಲಿ ಉಂಟು. ಚಿತ್ರ ಬೇರೆ, ಲೆಕ್ಕ ಬೇರೆ ಎಂಬ ಈ ನಂಬಿಕೆಯನ್ನು ಸುಳ್ಳು ಮಾಡಿದವರು ಎಡ್ ಕ್ಯಾಟ್ಮಲ್.

1945ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇವರಿಗೆ ಡಿಸ್ನಿಯ ಆ್ಯನಿಮೇಷನ್ ಕಲಾವಿದನಾಗುವ ಆಸೆಯಿತ್ತು. ಅದಕ್ಕೆ ಬೇಕಾದಷ್ಟು ಕೈಚಳಕ ತನಗಿಲ್ಲವೆಂದು ತಿಳಿದು ಯೂಟಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ಓದಿದರು. ಆದರೆ ಆಸೆಯನ್ನು ಬಿಡಲಿಲ್ಲ. 1972ರಲ್ಲಿ ಫ್ರೆಡ್ ಪಾರ್ಕ್ ಜೊತೆ ಸೇರಿ ತಮ್ಮ ಎಡಗೈಯ ಅಚ್ಚು ತೆಗೆದು, ಅದರ ಮೇಲೆ ಸುಮಾರು 350 ಸಣ್ಣ ಬಹುಭುಜಗಳನ್ನು ಗುರುತಿಸಿ, ಅಳತೆಗಳನ್ನು ಕಂಪ್ಯೂಟರಿಗೆ ಕೊಟ್ಟರು. ಪರದೆಯ ಮೇಲೆ ಆ ಕೈ ಬೆರಳು ಮಡಚಿತು!

1974ರ ಅವರ ಪಿಎಚ್.ಡಿ. ಪ್ರಬಂಧ ದೊಡ್ಡಬಳ್ಳಾಪುರದ ಮಗ್ಗದ ಮನೆಯ ಮಕ್ಕಳಿಗೆ ಸುಲಭವಾಗಿ ಅರ್ಥವಾಗುತ್ತದೆ. ಸೀರೆಯ ಹೂವನ್ನು ಚೌಕಳಿ ಕಾಗದದಲ್ಲಿ ಮನೆಮನೆಯಾಗಿ ತುಂಬಿ, ಅದರಂತೆ ರಟ್ಟಿಗೆ ತೂತು ಹೊಡೆದು ಜಕಾರ್ಡ್‌ಗೆ ಕಟ್ಟುತ್ತಿದ್ದುದನ್ನು ನಿಮ್ಮ ಹಿರಿಯರು ಬಲ್ಲರು. ಕಂಪ್ಯೂಟರ್ ಚಿತ್ರವೂ ಅಂಥ ಚೌಕಗಳದ್ದೇ. ಆ ಹೂವಿನ ಬಟ್ಟೆಯನ್ನು ಬಿಂದಿಗೆಗೆ ಹೊದಿಸಿದರೆ ಹೂವು ಎಲ್ಲಿ ಬಾಗುತ್ತದೆ? ಅದನ್ನು ಲೆಕ್ಕ ಹಾಕುವುದೇ 'ಟೆಕ್ಸ್ಚರ್ ಮ್ಯಾಪಿಂಗ್'. ಒಂದರ ಹಿಂದೆ ಒಂದು ವಸ್ತುವಿದ್ದರೆ ಕಣ್ಣಿಗೆ ಕಾಣಬೇಕಾದದ್ದು ಯಾವುದು? ಪ್ರತಿ ಚೌಕದಲ್ಲೂ ದೂರವನ್ನು ಬರೆದಿಟ್ಟುಕೊಂಡು ಹತ್ತಿರದ್ದನ್ನೇ ತೋರಿಸುವುದು 'ಝಡ್ ಬಫರ್'.

1979ರಲ್ಲಿ ಅವರು ಲ್ಯೂಕಾಸ್‌ಫಿಲ್ಮ್ ಸೇರಿದರು. 1986ರಲ್ಲಿ ಅವರ ವಿಭಾಗವನ್ನು ಸ್ಟೀವ್ ಜಾಬ್ಸ್ ಕೊಂಡರು. ಅದೇ ಪಿಕ್ಸರ್ ಆಯಿತು. ವರ್ಷಗಟ್ಟಲೆ ನಷ್ಟ ಅನುಭವಿಸಿದ ಮೇಲೆ, 1995ರಲ್ಲಿ 'ಟಾಯ್ ಸ್ಟೋರಿ' ಬಂತು. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಾವಧಿ ಚಲನಚಿತ್ರ ಅದು. 2006ರಲ್ಲಿ ಡಿಸ್ನಿ ಪಿಕ್ಸರನ್ನು 740 ಕೋಟಿ ಡಾಲರಿಗೆ ಕೊಂಡಾಗ, ಎರಡೂ ಆ್ಯನಿಮೇಷನ್ ಸ್ಟುಡಿಯೋಗಳಿಗೆ ಕ್ಯಾಟ್ಮಲ್ ಅಧ್ಯಕ್ಷರಾದರು. ಹುಡುಗನಾಗಿದ್ದಾಗ ಕೈಗೆಟುಕದ ಡಿಸ್ನಿ ಅವರ ನಾಯಕತ್ವಕ್ಕೆ ಬಂತು. 2019ರ ಟ್ಯೂರಿಂಗ್ ಪ್ರಶಸ್ತಿ ಪ್ಯಾಟ್ ಹ್ಯಾನ್ರಹನ್ ಜೊತೆ ಅವರಿಗೆ ಸಂದಿತು.

'ಟಾಯ್ ಸ್ಟೋರಿ 2' ತಯಾರಾಗುವಾಗ ತಪ್ಪು ಆದೇಶವೊಂದರಿಂದ ಚಿತ್ರದ ಬಹುಭಾಗ ಕಂಪ್ಯೂಟರಿನಿಂದ ಅಳಿಸಿಹೋಯಿತು. ಹಸುಗೂಸಿನ ತಾಯಿಯೊಬ್ಬರು ಮನೆಯಿಂದಲೇ ಕೆಲಸ ಮಾಡಲು ಇಟ್ಟುಕೊಂಡಿದ್ದ ಪ್ರತಿ ಅದನ್ನು ಉಳಿಸಿತು. ತಪ್ಪಿತಸ್ಥರನ್ನು ಹುಡುಕುತ್ತಾ ಅವರು ಹೊತ್ತು ಕಳೆಯಲಿಲ್ಲ.

ಕಪ್ಪು ಚುಕ್ಕೆಯನ್ನೂ ಹೇಳಬೇಕು. ಒಬ್ಬರ ನೌಕರರನ್ನು ಇನ್ನೊಬ್ಬರು ಸೆಳೆಯಬಾರದೆಂದು ಸ್ಟುಡಿಯೋಗಳು ಒಳಒಪ್ಪಂದ ಮಾಡಿಕೊಂಡು ಸಂಬಳ ಏರದಂತೆ ತಡೆದವೆಂಬ ದಾವೆಯಲ್ಲಿ ಅವರ ಹೆಸರೂ ಬಂತು. 2017ರಲ್ಲಿ ಡಿಸ್ನಿ, ಪಿಕ್ಸರ್, ಲ್ಯೂಕಾಸ್‌ಫಿಲ್ಮ್ 10 ಕೋಟಿ ಡಾಲರಿಗೆ ರಾಜಿಯಾದವು. ಪ್ರತಿಭೆಯ ಜೊತೆಗೆ ನ್ಯಾಯವೂ ಇರಬೇಕು.

ಮಿತ್ರರೇ, ಈ ಉದ್ಯಮ ನಮಗೆ ದೂರದ್ದಲ್ಲ. 2012ರಲ್ಲೇ ಕರ್ನಾಟಕ ಇದಕ್ಕೊಂದು ನೀತಿ ರೂಪಿಸಿತು. 2016ರ 'ದಿ ಜಂಗಲ್ ಬುಕ್' ಚಿತ್ರದ ಪ್ರಾಣಿಗಳಿಗೆ ಜೀವ ತುಂಬಿದವರಲ್ಲಿ ಬೆಂಗಳೂರಿನ ಕಲಾವಿದರೂ ಇದ್ದರು. ಆದರೆ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಕಂಪನಿ ಕುಸಿದಾಗ ಇಲ್ಲಿನ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಆದ್ದರಿಂದ ಸಾಲ ಮಾಡಿ ಯಾವುದೋ ಕೋರ್ಸಿಗೆ ಸೇರುವ ಮುನ್ನ ಯೋಚಿಸಿ. ಸಾಫ್ಟ್‌ವೇರ್ ಬದಲಾಗುತ್ತದೆ, ಕಂಪನಿ ಮುಚ್ಚುತ್ತದೆ; ಕಲಿತ ರೇಖಾಗಣಿತ, ತ್ರಿಕೋನಮಿತಿ, ನೋಡಿ ಬರೆಯುವ ಅಭ್ಯಾಸ ಮಾತ್ರ ನಿಮ್ಮ ಬಳಿಯೇ ಉಳಿಯುತ್ತದೆ. ಪೋಷಕರೇ, ಮಗುವಿನ ಚಿತ್ರದ ಪುಸ್ತಕ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಲೆಕ್ಕದ ಪುಸ್ತಕವನ್ನೂ ಇಡಿ.